ಬಲಿಪಶು ಶಿಕ್ಷೆ ಅನುಭವಿಸುತ್ತಿತ್ತೇ? ಇಸ್ರಾಯೇಲ್ಯರ ಯಜ್ಞಗಳು ಮತ್ತು ಶಿಲುಬೆಯ ಅರ್ಥ

ಪ್ರಶ್ನೆ: ನಮ್ಮ ಸಭೆಯ ಸತ್ಯವೇದ ಅಧ್ಯಯನ ಕೂಟದಲ್ಲಿ ಈಗ ಯಾಜಕಕಾಂಡವನ್ನು ಓದುತ್ತಿದ್ದೇವೆ. ಪಾಪ ಮಾಡಿದವನು ಪಶುವಿನ ತಲೆಯ ಮೇಲೆ ಕೈಯಿಟ್ಟಾಗ ಅವನ ಪಾಪ ಆ ಪಶುವಿಗೆ ವರ್ಗವಾಗುತ್ತಿತ್ತು, ಅವನಿಗೆ ಬರಬೇಕಾಗಿದ್ದ ಮರಣಶಿಕ್ಷೆಯನ್ನು ಅದು ಅನುಭವಿಸುತ್ತಿತ್ತು, ಶಿಲುಬೆಯಲ್ಲಿ ಯೇಸುವಿಗೆ ಆದದ್ದೂ ಅದೇ ಎಂದು ನಮಗೆ ಚಿಕ್ಕಂದಿನಿಂದ ಕಲಿಸಿದ್ದಾರೆ. ಆದರೆ ಬಡವನು ಹಿಟ್ಟನ್ನು ತಂದುಕೊಟ್ಟರೂ ಅವನಿಗೆ ಕ್ಷಮೆಯಾಗುತ್ತಿತ್ತು ಎಂದು ಐದನೆಯ ಅಧ್ಯಾಯದಲ್ಲಿ ಇದೆ. ಹಿಟ್ಟು ಶಿಕ್ಷೆ ಅನುಭವಿಸುವುದು ಹೇಗೆ? ಹಾಗೆಯೇ, ದೇವಾಲಯವೂ ಯಜ್ಞವೇದಿಯೂ ಇಲ್ಲದ ಇಂದಿನ ಯೆಹೂದ್ಯರಿಗೆ ಪಾಪಪರಿಹಾರ ಹೇಗೆ ಆಗುತ್ತದೆ?

ಉತ್ತರ: ನೀವು ಎತ್ತಿ ತೋರಿಸಿದ ವಚನ ಯಾಜಕಕಾಂಡ 5:11ರಿಂದ 13. ಕುರಿಯನ್ನು ತರಲಾರದವನು ಎರಡು ಬೆಳವಕ್ಕಿಗಳನ್ನೋ ಪಾರಿವಾಳದ ಮರಿಗಳನ್ನೋ ತರಬಹುದು. ಅದಕ್ಕೂ ಗತಿಯಿಲ್ಲದವನು ಒಂದು ಏಫದ ಹತ್ತನೆಯ ಒಂದು ಭಾಗ, ಅಂದರೆ ಸುಮಾರು ಎರಡು ಲೀಟರಿನಷ್ಟು ಹಿಟ್ಟನ್ನು, ಎಣ್ಣೆಯನ್ನಾಗಲಿ ಧೂಪವನ್ನಾಗಲಿ ಸೇರಿಸದೆ ತರಬಹುದು. ಯಾಜಕನು ಅದರಲ್ಲಿ ಒಂದು ಹಿಡಿ ತೆಗೆದು ವೇದಿಯ ಮೇಲೆ ಹೋಮ ಮಾಡುತ್ತಾನೆ. ಅದರ ಕೊನೆಗೆ ಬರುವ ಮಾತು, ಯಾಜಕನು ಅವನಿಗಾಗಿ ದೋಷಪರಿಹಾರ ಮಾಡಿದ ಮೇಲೆ ಅವನಿಗೆ ಕ್ಷಮೆಯಾಗುವುದು ಎಂಬುದು, ಪಶುವನ್ನು ತಂದವನ ವಿಷಯದಲ್ಲಿ ಬರುವ ಮಾತೇ ಆಗಿದೆ. ಬದಲಿ ಜೀವವೊಂದು ಮರಣಶಿಕ್ಷೆ ಅನುಭವಿಸುವುದೇ ಈ ಯಜ್ಞದ ತಿರುಳಾಗಿದ್ದರೆ ಇಂಥ ವಿನಾಯಿತಿಗೆ ಅವಕಾಶವೇ ಇರುತ್ತಿರಲಿಲ್ಲ. ಆದ್ದರಿಂದ ನಿಮ್ಮ ಸಂಶಯ ನ್ಯಾಯವಾದದ್ದು. ನಿಮಗೆ ಕಲಿಸಿದ್ದು ಶಿಲುಬೆಯ ಬಗ್ಗೆ ಕ್ರೈಸ್ತ ಸಭೆ ಬಹುಕಾಲದ ನಂತರ ರೂಪಿಸಿಕೊಂಡ ಒಂದು ವಿವರಣೆ. ಅದನ್ನು ಹಿಂದಕ್ಕೆ ಒಯ್ದು ಯಾಜಕಕಾಂಡದ ಮೇಲೆ ಹೊದಿಸಿ ಓದಿದಾಗ ಆ ಗ್ರಂಥವು ತಾನಾಗಿ ಹೇಳುವ ಮಾತು ಕೇಳಿಸದೆ ಹೋಗುತ್ತದೆ. ಮೊದಲು ಯಜ್ಞಗಳಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು ನೋಡಿ, ಆಮೇಲೆ ಹೊಸ ಒಡಂಬಡಿಕೆಯ ಬರಹಗಾರರು ಅವುಗಳಿಂದ ಏನನ್ನು ಎತ್ತಿಕೊಂಡರು ಎಂಬುದಕ್ಕೆ ಬರೋಣ.

ಯಾಜಕಕಾಂಡದ ಮೊದಲ ಏಳು ಅಧ್ಯಾಯಗಳಲ್ಲಿ ಐದು ಬಗೆಯ ಅರ್ಪಣೆಗಳಿವೆ. ಸರ್ವಾಂಗಹೋಮದಲ್ಲಿ ಚರ್ಮವೊಂದನ್ನು ಬಿಟ್ಟು ಪಶುವೆಲ್ಲ ವೇದಿಯ ಮೇಲೆ ಹೊಗೆಯಾಗಿ ಏರುತ್ತದೆ. ಧಾನ್ಯನೈವೇದ್ಯದಲ್ಲಿ ರಕ್ತವೇ ಇಲ್ಲ. ಸಮಾಧಾನಯಜ್ಞದಲ್ಲಿ ಕೊಬ್ಬು ದೇವರಿಗೆ, ಎದೆಯ ಭಾಗ ಮತ್ತು ಬಲದೊಡೆ ಯಾಜಕರಿಗೆ, ಉಳಿದ ಮಾಂಸ ತಂದವನಿಗೂ ಅವನ ಮನೆಯವರಿಗೂ. ಅದು ಹರಕೆ ತೀರಿಸುವಾಗ, ಕೃತಜ್ಞತೆ ಸಲ್ಲಿಸುವಾಗ ನಡೆಯುವ ಹಬ್ಬದೂಟ. ಪಾಪಕ್ಕೂ ತಪ್ಪಿಗೂ ನೇರವಾಗಿ ಸಂಬಂಧಿಸಿದವು ಕೊನೆಯ ಎರಡು ಮಾತ್ರ: ದೋಷಪರಿಹಾರಕಯಜ್ಞ ಮತ್ತು ಪ್ರಾಯಶ್ಚಿತ್ತಯಜ್ಞ. ಯಜ್ಞ ಎಂದರೆ ಪಾಪಕ್ಕೆ ತೆರುವ ದಂಡ ಎಂಬ ಭಾವನೆ ಇಲ್ಲಿಗೇ ಅರ್ಧ ಸಡಿಲವಾಗುತ್ತದೆ.

ಆ ಕೊನೆಯ ಎರಡರಲ್ಲಿಯೂ ದೋಷಪರಿಹಾರಕಯಜ್ಞವನ್ನು ಯಾರು ಯಾರು ತರಬೇಕಾಗಿತ್ತು ಎಂಬುದನ್ನು ಗಮನಿಸಬೇಕು. ತಿಳಿಯದೆ ಆಜ್ಞೆ ಮೀರಿದವನು ತರಬೇಕು, ಸರಿ. ಆದರೆ ಹೆರಿಗೆಯಾದ ತಾಯಿಯೂ ತರಬೇಕು (12ನೆಯ ಅಧ್ಯಾಯ), ಚರ್ಮರೋಗದಿಂದ ಗುಣ ಹೊಂದಿದವನೂ ತರಬೇಕು (14), ದೇವರಿಗಾಗಿ ತನ್ನನ್ನು ಮೀಸಲಿಟ್ಟುಕೊಳ್ಳುವ ನಾಜೀರ ವ್ರತವನ್ನು ನಿಷ್ಠೆಯಿಂದ ಮುಗಿಸಿದವನೂ ತರಬೇಕು (ಅರಣ್ಯಕಾಂಡ 6). ಮಗುವನ್ನು ಹೆತ್ತವಳು ಯಾವ ಪಾಪ ಮಾಡಿದಳು? ಯೇಸುವಿನ ತಾಯಿ ಮರಿಯಳೇ ಯೆರೂಸಲೇಮಿಗೆ ಹೋಗಿ ಬಡವರಿಗೆ ವಿಧಿಸಿದ ಜೋಡಿ ಹಕ್ಕಿಗಳನ್ನು ಅರ್ಪಿಸಿದಳೆಂದು ಲೂಕನು ಬರೆಯುತ್ತಾನೆ (2:24). ಇನ್ನೂ ಮುಂದೆ ಹೋದರೆ, ಹೊಸದಾಗಿ ಕಟ್ಟಿದ ಯಜ್ಞವೇದಿಗೂ ಇದೇ ಯಜ್ಞದ ರಕ್ತವನ್ನು ಹಚ್ಚಿ ಅದನ್ನು ಶುದ್ಧಿ ಮಾಡಿದ್ದುಂಟು (ಯಾಜಕಕಾಂಡ 8:15). ಕಲ್ಲಿನ, ಮರದ, ತಾಮ್ರದ ವಸ್ತು ಪಾಪ ಮಾಡುವುದಿಲ್ಲ, ಶಿಕ್ಷೆಗೆ ಗುರಿಯಾಗುವುದೂ ಇಲ್ಲ. ಹೀಗಿರುವಾಗ ಈ ಯಜ್ಞದ ಕೆಲಸ ದಂಡನೆಯಲ್ಲ, ಶುದ್ಧೀಕರಣ ಎಂದು ತಿಳಿಯುವುದೇ ಪಾಠಕ್ಕೆ ಹತ್ತಿರವಾದದ್ದು.

ಒಬ್ಬ ಸಾಮಾನ್ಯನು ತಂದ ಯಜ್ಞವನ್ನು ನಾಲ್ಕನೆಯ ಅಧ್ಯಾಯ ಹಂತಹಂತವಾಗಿ ಹೇಳುತ್ತದೆ. ಅವನು ಅಂಗದೋಷವಿಲ್ಲದ ಹೆಣ್ಣು ಆಡನ್ನು ತರುತ್ತಾನೆ, ಅದರ ತಲೆಯ ಮೇಲೆ ಒಂದು ಕೈ ಇಡುತ್ತಾನೆ, ಸರ್ವಾಂಗಹೋಮದ ಪಶುಗಳನ್ನು ವಧಿಸುವ ಜಾಗದಲ್ಲಿ ತಾನೇ ಅದನ್ನು ಕೊಯ್ಯುತ್ತಾನೆ. ಯಾಜಕನ ಮುಖ್ಯ ಕೆಲಸ ಅಲ್ಲಿಂದ ಮುಂದೆ ಶುರುವಾಗುತ್ತದೆ. ಅವನು ರಕ್ತವನ್ನು ಹಿಡಿದುಕೊಂಡು, ಬೆರಳಿನಿಂದ ವೇದಿಯ ನಾಲ್ಕು ಕೊಂಬುಗಳಿಗೆ ಹಚ್ಚಿ, ಮಿಕ್ಕದ್ದನ್ನು ವೇದಿಯ ಬುಡದಲ್ಲಿ ಹೊಯ್ದುಬಿಡುತ್ತಾನೆ. ಕೊಬ್ಬನ್ನು ಹೋಮ ಮಾಡುತ್ತಾನೆ. ಕೊಂಬು ಎಂದರೆ ವೇದಿಯ ಮೂಲೆಗಳಲ್ಲಿ ಮೇಲಕ್ಕೆ ಚಾಚಿಕೊಂಡಿರುವ ಮೊನೆಗಳು. 1973ರಲ್ಲಿ ತೇಲ್ ಬೇರ್ಷೆಬದ ಉತ್ಖನನದಲ್ಲಿ ಅಂಥ ವೇದಿಯೊಂದರ ಕಲ್ಲುಗಳು ಸಿಕ್ಕಿದವು. ಯಾವುದೋ ಕಾಲದಲ್ಲಿ ಆ ವೇದಿಯನ್ನು ಕಳಚಿ, ಅದರ ಕಲ್ಲುಗಳನ್ನು ಉಗ್ರಾಣದ ಗೋಡೆಗೆ ಬಳಸಿಬಿಟ್ಟಿದ್ದರು. ಕೊಂಬುಳ್ಳ ಆ ಕಲ್ಲುಗಳನ್ನು ಮತ್ತೆ ಜೋಡಿಸಿದಾಗ ಯಾಜಕಕಾಂಡದ ಮಾತು ಕಣ್ಣಿಗೆ ಕಟ್ಟುವಂತಾಯಿತು.

ಈ ವಿಧಿಯಲ್ಲಿ ಎರಡು ಸಂಗತಿಗಳು ಓದುಗರ ಕಣ್ಣು ತಪ್ಪಿಸಿಕೊಳ್ಳುತ್ತವೆ. ಮೊದಲನೆಯದು, ರಕ್ತವನ್ನು ಪಾಪ ಮಾಡಿದವನ ಮೇಲೆ ಹಚ್ಚುವುದೇ ಇಲ್ಲ. ಅದು ಹೋಗುವುದು ವೇದಿಗೆ. ಎರಡನೆಯದು, ವಧೆಗೆ ಒಂದು ವಾಕ್ಯ ಮಾತ್ರ ಮೀಸಲಾಗಿದೆ. ಪಶು ಎಷ್ಟು ನೋವುಂಡಿತು, ಹೇಗೆ ಸತ್ತಿತು ಎಂಬುದರಲ್ಲಿ ಗ್ರಂಥಕ್ಕೆ ಆಸಕ್ತಿಯಿಲ್ಲ, ಅದರ ಗಮನವೆಲ್ಲ ರಕ್ತವನ್ನು ಎಲ್ಲಿಗೆ ಒಯ್ಯಬೇಕು, ಎಲ್ಲಿ ಹಚ್ಚಬೇಕು ಎಂಬುದರಲ್ಲಿದೆ. ಇದಕ್ಕೆ ಮಾಂಸದ ವಿಷಯವನ್ನೂ ಸೇರಿಸಿಕೊಳ್ಳಿ. ಈ ಪಶುವಿನ ಮಾಂಸವು ಮಹಾಪರಿಶುದ್ಧ, ಯಾಜಕರು ಅದನ್ನು ಗುಡಾರದ (ಅರಣ್ಯದಲ್ಲಿ ಇಸ್ರಾಯೇಲ್ಯರು ದೇವರನ್ನು ಆರಾಧಿಸುತ್ತಿದ್ದ ಡೇರೆಯ) ಅಂಗಳದಲ್ಲಿ, ಪರಿಶುದ್ಧ ಸ್ಥಳದಲ್ಲಿಯೇ ತಿನ್ನಬೇಕು ಎಂಬ ಅಪ್ಪಣೆ ಆರನೆಯ ಅಧ್ಯಾಯದಲ್ಲಿದೆ. ಕೈಯಿಟ್ಟೊಡನೆ ಮನುಷ್ಯನ ಪಾಪವು ಪಶುವಿನೊಳಕ್ಕೆ ಹರಿದಿದ್ದರೆ ಅದರ ಮಾಂಸ ಅಶುದ್ಧವಾಗಿ, ಅದನ್ನು ಹೊರಗೆ ಎಸೆಯಬೇಕಾಗಿತ್ತು. ದೇವರ ಸನ್ನಿಧಿಯಲ್ಲಿ ತಿನ್ನುವಷ್ಟು ಪರಿಶುದ್ಧ ಎಂದು ಯಾರೂ ಹೇಳುತ್ತಿರಲಿಲ್ಲ. ಒಂದು ಕೈ ಇಡುವುದರ ಅರ್ಥ ಬಹುಶಃ, ಈ ಪಶು ನನ್ನದು, ಇದರ ಫಲ ನನಗೆ ಸೇರತಕ್ಕದ್ದು ಎಂದು ಗುರುತಿಸುವುದು ಎಂದು ನಾನು ತಿಳಿಯುತ್ತೇನೆ. ಏಕೆಂದರೆ ಪಾಪದ ಪ್ರಸ್ತಾಪವೇ ಇಲ್ಲದ ಸಮಾಧಾನಯಜ್ಞದಲ್ಲಿಯೂ ಹೀಗೆಯೇ ಕೈಯಿಡುತ್ತಿದ್ದರು.

ಹಾಗಾದರೆ ರಕ್ತ ಮಾಡುವ ಕೆಲಸವೇನು? ಪ್ರಾಣವು ರಕ್ತದಲ್ಲಿದೆ, ವೇದಿಯ ಮೇಲೆ ನಿಮ್ಮ ಪ್ರಾಣಗಳಿಗಾಗಿ ದೋಷಪರಿಹಾರ ಮಾಡಲು ನಾನೇ ಅದನ್ನು ನಿಮಗೆ ಕೊಟ್ಟಿದ್ದೇನೆ ಎಂದು 17:11ರಲ್ಲಿ ದೇವರು ಹೇಳುತ್ತಾನೆ. ಇಲ್ಲಿ ರಕ್ತವೆಂದರೆ ಮರಣದ ಗುರುತಲ್ಲ, ಜೀವದ ಗುರುತು. ಮನುಷ್ಯನು ದೇವರಿಗೆ ಕೊಟ್ಟು ಆತನನ್ನು ಒಲಿಸಿಕೊಳ್ಳುವ ವಸ್ತುವೂ ಅಲ್ಲ. ದೇವರೇ ಮನುಷ್ಯನ ಕೈಗೆ ಕೊಟ್ಟ ಸಾಧನ. ಯಾಜಕಕಾಂಡದ ಅಧ್ಯಯನದಲ್ಲಿ ಕಳೆದ ಶತಮಾನದ ಅತಿ ದೊಡ್ಡ ಹೆಸರಾದ ಯೆಹೂದಿ ವಿದ್ವಾಂಸ ಜೇಕಬ್ ಮಿಲ್‌ಗ್ರೋಮ್ ಇದರಿಂದ ಹೊರಡಿಸಿದ ವಾದ ಇಂದು ಬಹಳ ಜನರಿಗೆ ಒಪ್ಪಿಗೆಯಾಗಿದೆ. ಅದರ ಪ್ರಕಾರ ಜನರ ಪಾಪಗಳೂ ಅಶುದ್ಧತೆಯೂ ಅವರವರ ಮೈಮನಸ್ಸುಗಳಲ್ಲಿಯೇ ನಿಲ್ಲದೆ, ದೇವರು ವಾಸಿಸುವ ಗುಡಾರವನ್ನು ದೂರದಿಂದಲೇ ಮಲಿನಗೊಳಿಸುತ್ತವೆ. ಸೌದೆಯ ಒಲೆಯ ಹೊಗೆ ಯಾರ ಕಣ್ಣಿಗೂ ಬೀಳದಂತೆ ಮೇಲೇರಿ ಅಡುಗೆಮನೆಯ ತೊಲೆಗಳಿಗೆ ಮಸಿಯಾಗಿ ಕಟ್ಟುವಂತೆ ಅವು ದೇವರ ಮನೆಯಲ್ಲಿ ಕೂಡಿಕೊಳ್ಳುತ್ತವೆ. ತನ್ನ ಮಗುವನ್ನು ಮೋಲೆಕನಿಗೆ ಅರ್ಪಿಸಿದವನು ನನ್ನ ಪವಿತ್ರಸ್ಥಾನವನ್ನು ಹೊಲೆಮಾಡಿದ್ದಾನೆ ಎಂದು 20:3ರಲ್ಲಿ ಹೇಳುವುದು ಈ ಅರ್ಥದಲ್ಲಿಯೇ. ಸಾಮಾನ್ಯನ ತಪ್ಪು ಅಂಗಳದ ವೇದಿಯವರೆಗೆ ಮುಟ್ಟುತ್ತದೆ, ಆದ್ದರಿಂದ ರಕ್ತ ಅಲ್ಲಿಗೆ ಹೋಗುತ್ತದೆ. ಮಹಾಯಾಜಕನ ಅಥವಾ ಇಡೀ ಸಮಾಜದ ತಪ್ಪು ಒಳಗಿನ ಧೂಪವೇದಿಯವರೆಗೆ ಮುಟ್ಟುತ್ತದೆ, ಆದ್ದರಿಂದ ರಕ್ತವೂ ಒಳಕ್ಕೆ ಹೋಗುತ್ತದೆ. ಈ ಮಲಿನತೆ ಕೂಡುತ್ತಲೇ ಹೋದರೆ ದೇವರು ಆ ಮನೆಯನ್ನು ಬಿಟ್ಟು ಹೊರಡುತ್ತಾನೆ. ಯೆಹೆಜ್ಕೇಲನು ದರ್ಶನದಲ್ಲಿ ಕಂಡದ್ದು, ದೇವರ ತೇಜಸ್ಸು ದೇವಾಲಯದ ಹೊಸ್ತಿಲು ದಾಟಿ, ಪಟ್ಟಣವನ್ನು ಬಿಟ್ಟು, ಪೂರ್ವದ ಬೆಟ್ಟದ ಮೇಲೆ ನಿಂತದ್ದು, ಅದನ್ನೇ.

ಮಿಲ್‌ಗ್ರೋಮ್ ಹೇಳಿದ್ದೆಲ್ಲವನ್ನೂ ಎಲ್ಲರೂ ಒಪ್ಪುವುದಿಲ್ಲ. 17:11ರಲ್ಲಿ ಪ್ರಾಣಕ್ಕೆ ಪ್ರತಿಯಾಗಿ ಪ್ರಾಣವನ್ನು ಈಡಾಗಿ ಕೊಡುವ ಭಾವವೂ ಇದೆ ಎಂದು ವಾದಿಸುವ ಒಳ್ಳೆಯ ವಿದ್ವಾಂಸರಿದ್ದಾರೆ, ಆ ವಾದವನ್ನು ತಳ್ಳಿಹಾಕುವುದು ಸರಿಯಲ್ಲ. ಆದರೂ ಈಡು ಕೊಟ್ಟು ಬಿಡಿಸಿಕೊಳ್ಳುವುದು ಬೇರೆ, ಒಬ್ಬನ ಶಿಕ್ಷೆಯನ್ನು ಇನ್ನೊಬ್ಬನ ಮೇಲೆ ಹೊರಿಸುವುದು ಬೇರೆ.

ಇದೆಲ್ಲ ಒಂದೆಡೆ ಕೂಡುವುದು ವರ್ಷಕ್ಕೊಮ್ಮೆ, ಏಳನೆಯ ತಿಂಗಳ ಹತ್ತನೆಯ ದಿನ, ದೋಷಪರಿಹಾರಕ ದಿನದಂದು. ಅದರ ವಿಧಿ 16ನೆಯ ಅಧ್ಯಾಯ. ಮಹಾಯಾಜಕನು ಆ ದಿನ ಚಿನ್ನದ ಕಸೂತಿಯ ವೈಭವದ ಉಡುಪನ್ನು ತೆಗೆದಿಟ್ಟು, ಸ್ನಾನ ಮಾಡಿ, ನಾರುಬಟ್ಟೆಯ ಸರಳ ಅಂಗಿ ತೊಡುತ್ತಾನೆ. ತನಗೂ ತನ್ನ ಮನೆತನದವರಿಗೂ ಒಂದು ಹೋರಿ, ಜನರಿಗಾಗಿ ಎರಡು ಹೋತಗಳು. ಹೋತಗಳಿಗೆ ಚೀಟು ಹಾಕುತ್ತಾರೆ: ಒಂದು ಯೆಹೋವನಿಗೆ, ಇನ್ನೊಂದು ಅಜಾಜೇಲನಿಗೆ (ಅರಣ್ಯದ ದುಷ್ಟಶಕ್ತಿಯೊಂದರ ಹೆಸರೆಂದು ಹಲವರು ತಿಳಿಯುತ್ತಾರೆ). ಅವನು ಮೊದಲು ಕೆಂಡವನ್ನೂ ಧೂಪವನ್ನೂ ಮಹಾಪವಿತ್ರಸ್ಥಾನದ ತೆರೆಯೊಳಗೆ ಒಯ್ದು, ಅಲ್ಲಿ ಕೆಂಡದ ಮೇಲೆ ಧೂಪ ಹಾಕಿ, ಆ ಹೊಗೆಯು ಮಂಜೂಷದ, ಅಂದರೆ ಒಡಂಬಡಿಕೆಯ ಪೆಟ್ಟಿಗೆಯ, ಮುಚ್ಚಳವಾದ ಕೃಪಾಸನವನ್ನು ಮರೆಮಾಡುವಂತೆ ಮಾಡುತ್ತಾನೆ. ಹೋರಿಯ ರಕ್ತವನ್ನು ಬೆರಳಿನಿಂದ ಕೃಪಾಸನದ ಮೇಲೂ ಅದರ ಮುಂದೆ ಏಳು ಸಾರಿಯೂ ಚಿಮುಕಿಸುತ್ತಾನೆ. ಮತ್ತೆ ಹೊರಗೆ ಬಂದು ಯೆಹೋವನ ಪಾಲಿನ ಹೋತವನ್ನು ವಧಿಸಿ ಅದರ ರಕ್ತದಿಂದಲೂ ಹಾಗೆಯೇ ಮಾಡುತ್ತಾನೆ. ಏತಕ್ಕಾಗಿ ಎಂಬುದನ್ನು ಗ್ರಂಥ ಬಿಚ್ಚಿ ಹೇಳುತ್ತದೆ: ಇಸ್ರಾಯೇಲ್ಯರ ಅಶುದ್ಧತೆಯ ಮತ್ತು ದ್ರೋಹಗಳ ದೆಸೆಯಿಂದ ಮಹಾಪವಿತ್ರಸ್ಥಾನಕ್ಕೇ ದೋಷಪರಿಹಾರ ಆಗಬೇಕು, ಅವರ ಅಶುದ್ಧತೆಯ ನಡುವೆ ಅವರೊಂದಿಗೆ ವಾಸವಾಗಿರುವ ಗುಡಾರಕ್ಕೂ ಆಗಬೇಕು (16:16). ಒಳಗಿನಿಂದ ಹೊರಕ್ಕೆ ಶುದ್ಧಿ ಮುಗಿದ ಮೇಲೆಯೇ ಅವನು ಜೀವಂತ ಹೋತದ ಬಳಿಗೆ ಬಂದು, ಅದರ ತಲೆಯ ಮೇಲೆ ಎರಡೂ ಕೈಗಳನ್ನಿಟ್ಟು, ಜನರ ಎಲ್ಲ ಪಾಪಗಳನ್ನು ಬಾಯಿಬಿಟ್ಟು ಅರಿಕೆ ಮಾಡಿ, ಅವುಗಳನ್ನು ಅದರ ತಲೆಯ ಮೇಲೆ ಹೊರಿಸುತ್ತಾನೆ. ನೇಮಕವಾದ ಮನುಷ್ಯನೊಬ್ಬನು ಅದನ್ನು ಹೊಡೆದುಕೊಂಡು ಹೋಗಿ ಅರಣ್ಯದಲ್ಲಿ ಬಿಟ್ಟುಬರುತ್ತಾನೆ.

ಇಡೀ ಯಾಜಕಕಾಂಡದಲ್ಲಿ ಪಾಪವು ಪಶುವಿನ ಮೇಲೆ ಹೊರಿಸಲ್ಪಡುತ್ತದೆ ಎಂದು ಬಾಯಿಬಿಟ್ಟು ಹೇಳಿರುವುದು ಈ ಒಂದೇ ಸಂದರ್ಭದಲ್ಲಿ, ಮತ್ತು ಆ ಪಶುವನ್ನು ಬಲಿ ಕೊಡುವುದಿಲ್ಲ. ವಧೆಯಾಗುವ ಹೋತ ಪಾಪವನ್ನು ಹೊರುವುದಿಲ್ಲ. ಪಾಪವನ್ನು ಹೊರುವ ಹೋತ ವಧೆಯಾಗುವುದಿಲ್ಲ. ನಿಮಗೆ ಕಲಿಸಿದ ವಿವರಣೆಯು ಈ ಎರಡನ್ನೂ ಬೆಸೆದು ಒಂದೇ ಪಶುವನ್ನಾಗಿ ಮಾಡಿದೆ. ಎರಡನೆಯ ದೇವಾಲಯದ ಕಾಲದಲ್ಲಿ ಆ ಹೋತವನ್ನು ಬಂಡೆಯ ಮೇಲಿಂದ ಹಿಂದಕ್ಕೆ ತಳ್ಳುತ್ತಿದ್ದರು ಎಂದು ಸುಮಾರು ಕ್ರಿ.ಶ. 200ರಲ್ಲಿ ಸಂಕಲನಗೊಂಡ ಮಿಷ್ನಾ ಎಂಬ ಯೆಹೂದಿ ಕಟ್ಟಳೆಗಳ ಸಂಗ್ರಹ ಹೇಳುವುದೇನೋ ನಿಜ. ಅದು ಊರಿಗೆ ಮರಳಿ ಬರದಂತೆ ಮಾಡಿದ ಏರ್ಪಾಡು ಎಂದು ತೋರುತ್ತದೆ. ಏನೇ ಆದರೂ ಅದರ ರಕ್ತ ವೇದಿಯನ್ನು ಮುಟ್ಟಲೇ ಇಲ್ಲ. ಪಾಪವನ್ನು ಹೊರುವುದು ಎಂದರೆ ಇಲ್ಲಿ ಅದನ್ನು ಎತ್ತಿ ದೂರ ಸಾಗಿಸುವುದು. 10:17ರಲ್ಲಿ ದೋಷಪರಿಹಾರಕಯಜ್ಞದ ಮಾಂಸವನ್ನು ತಿನ್ನುವ ಯಾಜಕರೂ ಜನಸಮೂಹದ ಅಪರಾಧವನ್ನು ಹೊರುವವರೆಂದು ಹೇಳಿದೆ, ಅವರಿಗೆ ಅದರಿಂದ ಯಾವ ಶಿಕ್ಷೆಯೂ ಆಗುವುದಿಲ್ಲ.

ಯಜ್ಞಗಳಿಗೆ ತಮ್ಮದೇ ಮಿತಿಗಳಿದ್ದವು. ಕೈಯೆತ್ತಿ, ಅಂದರೆ ಬೇಕೆಂದೇ ದೇವರನ್ನು ಧಿಕ್ಕರಿಸಿ ಮಾಡಿದ ಪಾಪಕ್ಕೆ ಯಜ್ಞವೇ ಇಲ್ಲ (ಅರಣ್ಯಕಾಂಡ 15:30). ನೆರೆಯವನಿಗೆ ಮೋಸ ಮಾಡಿ ಸುಳ್ಳಾಣೆ ಇಟ್ಟವನು ಮೊದಲು ಕಸಿದದ್ದನ್ನು ಪೂರ್ತಿಯಾಗಿ ಹಿಂದಿರುಗಿಸಿ, ಅದರ ಐದನೆಯ ಒಂದು ಭಾಗವನ್ನು ಮೇಲೆ ಸೇರಿಸಿ ಕೊಡಬೇಕು. ಟಗರನ್ನು ತರುವುದು ಅದರೊಂದಿಗೆ. ಆಮೋಸ, ಹೋಶೇಯ, ಯೆಶಾಯ, ಮೀಕ ಮುಂತಾದ ಪ್ರವಾದಿಗಳು ಯಜ್ಞದ ಮೇಲೆ ಸಿಡಿದದ್ದು ಈ ನ್ಯಾಯದ ಭಾಗವನ್ನು ಬಿಟ್ಟು ಹೊಗೆಯ ಭಾಗವನ್ನು ಮಾತ್ರ ಉಳಿಸಿಕೊಂಡವರ ಮೇಲೆ.

ಈಗ ಹೊಸ ಒಡಂಬಡಿಕೆಗೆ ಬರೋಣ. ಅಲ್ಲಿ ಯೇಸುವಿನ ಮರಣವನ್ನು ವಿವರಿಸಲು ಒಂದೇ ಯಜ್ಞವನ್ನು ಆರಿಸಿಕೊಂಡಿಲ್ಲ, ಹಲವು ವಿಧಿಗಳಿಂದ ಎಳೆಗಳನ್ನು ತೆಗೆದು ಸೇರಿಸಿದ್ದಾರೆ. ಅವುಗಳಲ್ಲಿ ಮೊದಲನೆಯದು, ಬಹುಶಃ ಅತ್ಯಂತ ಹಳೆಯದು, ಪಸ್ಕದ ಕುರಿ. ನಮ್ಮ ಪಸ್ಕದ ಕುರಿಯಾದ ಕ್ರಿಸ್ತನು ಬಲಿಯಾಗಿದ್ದಾನೆ ಎಂದು ಪೌಲನು ಐವತ್ತರ ದಶಕದಲ್ಲಿಯೇ ಕೊರಿಂಥದವರಿಗೆ ಬರೆದಿದ್ದಾನೆ. ಯೋಹಾನನ ಸುವಾರ್ತೆಯಂತೂ ಯೇಸುವನ್ನು ಶಿಲುಬೆಗೆ ಒಪ್ಪಿಸಿದ್ದು ಪಸ್ಕದ ಸಿದ್ಧತೆಯ ದಿನದ ನಡುಹಗಲು ಎಂದು ಗುರುತಿಸುತ್ತದೆ. ಆತನ ಬಾಯಿಗೆ ಹುಳಿರಸವನ್ನು ಮುಟ್ಟಿಸಿದ್ದು ಹಿಸ್ಸೋಪ್ ಗಿಡದ ಕೋಲಿನಿಂದ, ಐಗುಪ್ತದಲ್ಲಿ ಬಾಗಿಲಿನ ನಿಲುವುಗಳಿಗೆ ಕುರಿಯ ರಕ್ತ ಹಚ್ಚಿದ್ದೂ ಅದರಿಂದಲೇ. ಆತನ ಎಲುಬುಗಳನ್ನು ಮುರಿಯಲಿಲ್ಲ, ಪಸ್ಕದ ಕುರಿಯ ಎಲುಬನ್ನೂ ಮುರಿಯಬಾರದಾಗಿತ್ತು. ಆದರೆ ವಿಮೋಚನಕಾಂಡ 12ರಲ್ಲಿ ಪಸ್ಕದ ಕುರಿ ಪಾಪಕ್ಕಾಗಿ ಕೊಟ್ಟದ್ದಲ್ಲ. ಅದು ಗುಲಾಮಗಿರಿಯಿಂದ ಹೊರಡುವ ರಾತ್ರಿಯ ಊಟ, ಅದರ ರಕ್ತ ಮನೆಯವರನ್ನು ಸಂಹಾರಕನಿಂದ ಕಾಯುವ ಗುರುತು. ಈ ಎಳೆಯನ್ನು ಹಿಡಿದರೆ ಶಿಲುಬೆಯ ಅರ್ಥ ಬಿಡುಗಡೆ.

ಎರಡನೆಯ ಎಳೆ ಕಡೇ ರಾತ್ರಿಯ ಊಟದಲ್ಲಿದೆ. ಪಾತ್ರೆಯನ್ನು ಕೈಗೆ ತೆಗೆದುಕೊಂಡು ಯೇಸು ಇದು ಒಡಂಬಡಿಕೆಯ ರಕ್ತ ಎಂದಾಗ ಆತನ ಶಿಷ್ಯರಿಗೆ ನೆನಪಾದದ್ದು ಸೀನಾಯಿ ಬೆಟ್ಟದ ಬುಡ. ಅಲ್ಲಿ ಮೋಶೆಯು ರಕ್ತದಲ್ಲಿ ಅರ್ಧವನ್ನು ವೇದಿಯ ಮೇಲೂ ಉಳಿದರ್ಧವನ್ನು ಜನರ ಮೇಲೂ ಎರಚಿ ಎರಡು ಪಕ್ಷಗಳನ್ನು ಒಂದು ಕಟ್ಟಿನೊಳಗೆ ತಂದನು (ವಿಮೋಚನಕಾಂಡ 24). ಅಲ್ಲಿಯೂ ಪಾಪದ ಮಾತಿಲ್ಲ. ಮತ್ತಾಯನೊಬ್ಬನೇ ಆ ಪಾತ್ರೆಯ ಮಾತಿಗೆ ಪಾಪಗಳ ಕ್ಷಮೆಗಾಗಿ ಎಂಬುದನ್ನು ಸೇರಿಸುತ್ತಾನೆ, ಅದರ ಹಿಂದೆ ಯೆರೆಮೀಯನು 31ನೆಯ ಅಧ್ಯಾಯದಲ್ಲಿ ಹೊಸ ಒಡಂಬಡಿಕೆಯ ಬಗ್ಗೆ ನುಡಿದ ವಾಗ್ದಾನವಿದೆ.

ದೋಷಪರಿಹಾರಕ ದಿನದ ಎಳೆಯನ್ನು ಪೂರ್ತಿಯಾಗಿ ನೇಯ್ದದ್ದು ಇಬ್ರಿಯರಿಗೆ ಬರೆದ ಪತ್ರಿಕೆ. ಪೌಲನು ರೋಮಾಪುರದವರಿಗೆ ಬರೆಯುವಾಗ (3:25) ಕ್ರಿಸ್ತನನ್ನು ಗ್ರೀಕ್ ಯಾಜಕಕಾಂಡದಲ್ಲಿ ಕೃಪಾಸನಕ್ಕೆ ಬಳಸಿದ ಪದದಿಂದಲೇ ಕರೆದು ಒಂದು ವಾಕ್ಯದಲ್ಲಿ ಮುಗಿಸಿದ್ದನ್ನು ಈ ಪತ್ರಿಕೆಯ ಬರಹಗಾರನು ಅಧ್ಯಾಯಗಟ್ಟಲೆ ಬಿಡಿಸುತ್ತಾನೆ. ಅವನ ಮುಂದೆ ಮೊದಲಿಗೇ ಒಂದು ತೊಡಕಿತ್ತು: ಯೇಸು ಯೂದ ಕುಲದವನು, ಯಾಜಕರಾಗತಕ್ಕವರು ಲೇವಿಯ ವಂಶದವರು. ಆತನು ಭೂಮಿಯ ಮೇಲೆ ಇದ್ದಿದ್ದರೆ ಯಾಜಕನೇ ಆಗುತ್ತಿರಲಿಲ್ಲ ಎಂದು ಅವನು ಮರೆಮಾಚದೆ ಒಪ್ಪಿಕೊಳ್ಳುತ್ತಾನೆ (8:4). ಲೇವಿಗೂ ಹಿಂದಿನ ಕಾಲದ ಯಾಜಕನಾದ ಮೆಲ್ಕಿಚೆದೆಕನ ತರಹದ, ಕೀರ್ತನೆ 110ರಲ್ಲಿ ಹೇಳಿರುವ ಯಾಜಕತ್ವವನ್ನು ಅವನು ಎತ್ತಿಕೊಳ್ಳುವುದು ಈ ತೊಡಕನ್ನು ಬಿಡಿಸಲಿಕ್ಕೆ. ಮುಂದೆ ಅವನ ವಾದದ ಓಟವನ್ನು ಗಮನಿಸಿ. ಮಹಾಯಾಜಕನು ವರ್ಷಕ್ಕೊಮ್ಮೆ ಕೈಯಿಂದ ಕಟ್ಟಿದ ಗುಡಾರದ ತೆರೆಯೊಳಗೆ ಪಶುವಿನ ರಕ್ತವನ್ನು ಒಯ್ಯುತ್ತಿದ್ದನು; ಕ್ರಿಸ್ತನು ಒಂದೇ ಸಾರಿ, ತನ್ನ ಸ್ವಂತ ರಕ್ತದ ಮೂಲಕ, ಪರಲೋಕವೆಂಬ ನಿಜವಾದ ಮಹಾಪವಿತ್ರಸ್ಥಾನವನ್ನೇ ಪ್ರವೇಶಿಸಿ, ಈಗ ದೇವರ ಸಮ್ಮುಖದಲ್ಲಿ ನಮಗೋಸ್ಕರ ಇದ್ದಾನೆ (9:11–24). ಯಾಜಕಕಾಂಡದಲ್ಲಿ ವಧೆಯು ವೇದಿಯ ಮೇಲಲ್ಲದೆ ಅಂಗಳದಲ್ಲಿ ಆಗುವ ಪೂರ್ವಸಿದ್ಧತೆಯಾಗಿ, ರಕ್ತವನ್ನು ಒಳಗೆ ಒಯ್ದು ದೇವರ ಮುಂದಿಡುವುದೇ ವಿಧಿಯ ಶಿಖರವಾಗಿದ್ದಂತೆ, ಇಲ್ಲಿಯೂ ದೋಷಪರಿಹಾರವು ಶಿಲುಬೆಯಲ್ಲಿಯೇ ಮುಗಿದುಹೋಗದೆ ಪುನರುತ್ಥಾನ, ಆರೋಹಣಗಳಲ್ಲಿ ಮುಂದುವರಿಯುತ್ತದೆ. ನಮ್ಮ ಸಭೆಗಳಲ್ಲಿ ಶುಭ ಶುಕ್ರವಾರಕ್ಕೆ ಕೊಡುವ ಮಹತ್ವದ ಮುಂದೆ ಆರೋಹಣದ ದಿನ ಮಂಕಾಗಿಬಿಟ್ಟಿರುವುದು ನನಗೆ ದೊಡ್ಡ ನಷ್ಟವೆಂದು ತೋರುತ್ತದೆ. ಇಬ್ರಿಯರ ಪತ್ರಿಕೆಯ ಬರಹಗಾರನಿಗೆ ಆರೋಹಣವಿಲ್ಲದ ಶಿಲುಬೆ ರಕ್ತವನ್ನು ಅಂಗಳದಲ್ಲಿಯೇ ಬಿಟ್ಟ ಯಜ್ಞದಂತೆ.

ಇದೇ ಪತ್ರಿಕೆಯ 9:22ನ್ನು, ರಕ್ತಧಾರೆಯಿಲ್ಲದೆ ಕ್ಷಮೆಯಿಲ್ಲ ಎಂಬುದನ್ನು, ಜನ ಬಿಡಿಸಿ ತೆಗೆದು ಬಳಸುತ್ತಾರೆ. ಆ ವಾಕ್ಯ ಶುರುವಾಗುವುದು ಧರ್ಮಶಾಸ್ತ್ರದ ಪ್ರಕಾರ ಬಹುಮಟ್ಟಿಗೆ ಎಲ್ಲವೂ ರಕ್ತದಿಂದ ಶುದ್ಧವಾಗುತ್ತವೆ ಎಂದು. ಬಹುಮಟ್ಟಿಗೆ ಎಂಬ ಆ ಎಚ್ಚರಿಕೆಯ ಮಾತನ್ನು ಬರಹಗಾರನು ಹಿಟ್ಟಿನ ವಿನಾಯಿತಿಯನ್ನು ಬಲ್ಲವನಾಗಿಯೇ ಸೇರಿಸಿದ್ದಾನೆ ಎಂದು ನನ್ನ ನಂಬಿಕೆ. ಹಾಗೆಯೇ ಅವನು ಹೋರಿಹೋತಗಳ ರಕ್ತವು ಪಾಪಗಳನ್ನು ತೆಗೆದುಹಾಕಲಾರದು ಎನ್ನುವಾಗ (10:4) ಯಾಜಕಕಾಂಡದ ಮಾತನ್ನು ಸುಮ್ಮನೆ ಮುಂದುವರಿಸುತ್ತಿಲ್ಲ, ಅದನ್ನು ದಾಟಿ ಹೋಗುತ್ತಿದ್ದಾನೆ. ಏಕೆಂದರೆ ಯಾಜಕಕಾಂಡವು ಆ ವಿಧಿಯಿಂದಲೇ ಕ್ಷಮೆಯಾಗುವುದು ಎಂದು ಮತ್ತೆ ಮತ್ತೆ ಹೇಳುತ್ತದೆ. ಈ ಬಿರುಕನ್ನು ತೇಪೆ ಹಾಕಿ ಮುಚ್ಚುವುದಕ್ಕಿಂತ, ಹೊಸದೊಂದನ್ನು ಕಂಡವನು ಹಳೆಯದನ್ನು ಹೊಸ ಬೆಳಕಿನಲ್ಲಿ ಓದಿದ್ದಾನೆ ಎಂದು ನೇರವಾಗಿ ಹೇಳುವುದೇ ಪ್ರಾಮಾಣಿಕ.

ಹಾಗಾದರೆ ನಮ್ಮ ಬದಲಾಗಿ ಶಿಕ್ಷೆ ಎಂಬ ಭಾವ ಎಲ್ಲಿಂದ ಬಂತು? ಆಶ್ಚರ್ಯವೆಂದರೆ ಅಜಾಜೇಲನ ಹೋತವನ್ನು ಹೊಸ ಒಡಂಬಡಿಕೆ ಎಲ್ಲಿಯೂ ಹೆಸರಿಸುವುದಿಲ್ಲ. ಯೇಸುವನ್ನು ಆ ಹೋತಕ್ಕೆ ಬಾಯಿಬಿಟ್ಟು ಹೋಲಿಸುವುದು ಬಾರ್ನಬನ ಪತ್ರಿಕೆಯೆಂದು ಹೆಸರಾದ, ಸತ್ಯವೇದದಲ್ಲಿ ಸೇರದ, ತುಸು ನಂತರದ ಬರಹ. ಆ ಭಾವಕ್ಕೆ ನಿಜವಾದ ಆಧಾರ ಯೆಶಾಯ 53. ನಮ್ಮ ದ್ರೋಹಗಳ ದೆಸೆಯಿಂದ ಗಾಯಗೊಂಡು, ನಮಗೆ ಸುಶಾಂತಿಯನ್ನು ತರುವ ದಂಡನೆಯನ್ನು ತಾನೇ ಹೊತ್ತ ಸೇವಕನ ಚಿತ್ರ ಅಲ್ಲಿದೆ, ಅವನ ಪ್ರಾಣವು ಪ್ರಾಯಶ್ಚಿತ್ತಯಜ್ಞವಾಗುವ ಮಾತೂ ಅಲ್ಲಿದೆ. ಪೇತ್ರನ ಮೊದಲನೆಯ ಪತ್ರಿಕೆ ಅದನ್ನು ನೇರವಾಗಿ ಶಿಲುಬೆಗೆ ತಂದು ಕೂಡಿಸುತ್ತದೆ. ಕ್ರಿಸ್ತನು ನಮಗೋಸ್ಕರ ಶಾಪವಾದನು ಎಂದು ಪೌಲನು ಗಲಾತ್ಯದವರಿಗೆ ಬರೆದದ್ದೂ ಉಂಟು, ಆದರೆ ಅಲ್ಲಿ ಅವನು ಉದ್ಧರಿಸುವುದು ಮರಕ್ಕೆ ತೂಗುಹಾಕಿದವನ ಬಗ್ಗೆ ಧರ್ಮೋಪದೇಶಕಾಂಡದಲ್ಲಿರುವ ಕಟ್ಟಳೆಯನ್ನು, ಯಜ್ಞದ ವಿಧಿಯನ್ನಲ್ಲ. ಆದ್ದರಿಂದ ಕ್ರಿಸ್ತನು ನಮ್ಮ ದಂಡನೆಯನ್ನು ಹೊತ್ತನು ಎಂದು ನಂಬುವವರು ಆ ನಂಬಿಕೆಯನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಅದನ್ನು ಯೆಶಾಯನಿಂದ ಕಲಿಸಿ, ಯಾಜಕಕಾಂಡದ ಮೇಲೆ ಹೊರಿಸಬೇಡಿ ಎಂದು ಮಾತ್ರ ಕೇಳಿಕೊಳ್ಳುತ್ತೇನೆ.

ಸಭೆಯ ಚರಿತ್ರೆಯೂ ಇದನ್ನೇ ತೋರಿಸುತ್ತದೆ. ಮೊದಲ ಶತಮಾನಗಳ ಗುರುಗಳು ಶಿಲುಬೆಯನ್ನು ಹೆಚ್ಚಾಗಿ ಮರಣದ ಮೇಲೂ ಸೈತಾನನ ಮೇಲೂ ಕ್ರಿಸ್ತನ ಜಯವಾಗಿ, ಸೆರೆಯಿಂದ ಬಿಡಿಸಿದ ಈಡಾಗಿ ಕಂಡರು. ಪೂರ್ವದ ಆರ್ಥಡಾಕ್ಸ್ ಸಭೆಗಳ ಆರಾಧನೆಯಲ್ಲಿ ಇಂದಿಗೂ ಆ ಸ್ವರವೇ ಮೇಲು. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮ್ 1098ರ ಹೊತ್ತಿಗೆ ಬರೆದು ಮುಗಿಸಿದ ಗ್ರಂಥದಲ್ಲಿ, ಮನುಷ್ಯನು ದೇವರಿಗೆ ಸಲ್ಲಿಸದೆ ಉಳಿಸಿಕೊಂಡ ಗೌರವದ ಸಾಲವನ್ನು ದೇವಮಾನವನು ತೀರಿಸಿದನು ಎಂಬ ವಾದ ಬಂತು. ಅವನಿಗೂ ಅದು ಶಿಕ್ಷೆಯಲ್ಲ, ಶಿಕ್ಷೆಗೆ ಪರ್ಯಾಯ. ನ್ಯಾಯಾಲಯದ ಭಾಷೆಯಲ್ಲಿ, ಅಪರಾಧಿಯ ದಂಡನೆಯನ್ನು ನಿರಪರಾಧಿಯೊಬ್ಬನು ಹೊತ್ತನು ಎಂಬ ವಿವರಣೆ ಸ್ಪಷ್ಟ ರೂಪ ತಳೆದದ್ದು 16ನೆಯ ಶತಮಾನದ ಸುಧಾರಕರಲ್ಲಿ, ಮುಖ್ಯವಾಗಿ ಕಾಲ್ವಿನನಲ್ಲಿ. ನಿಮಗೆ ಚಿಕ್ಕಂದಿನಲ್ಲಿ ಕಲಿಸಿದ್ದರ ವಂಶಾವಳಿ ಇದು.

ಮೊದಲ ಶಿಷ್ಯರಿಗಂತೂ ಶಿಲುಬೆ ಮತ್ತು ವೇದಿ ಒಂದನ್ನೊಂದು ಅಳಿಸುವ ವಸ್ತುಗಳಾಗಿ ಕಾಣಲಿಲ್ಲ. ಪುನರುತ್ಥಾನದ ನಂತರವೂ ಅವರು ದಿನದಿನವೂ ದೇವಾಲಯಕ್ಕೆ ಹೋಗುತ್ತಿದ್ದರು. ಅಪೊಸ್ತಲರ ಕೃತ್ಯಗಳು 21ರಲ್ಲಿ ಪೌಲನು ವ್ರತ ತೊಟ್ಟ ನಾಲ್ವರೊಂದಿಗೆ ಶುದ್ಧಿ ಮಾಡಿಕೊಂಡು, ಅವರ ಅರ್ಪಣೆಗಳ ವೆಚ್ಚವನ್ನು ತಾನೇ ವಹಿಸಿಕೊಳ್ಳುತ್ತಾನೆ. ನಾಜೀರ ವ್ರತದ ಸಮಾಪ್ತಿಗೆ ಬೇಕಾದ ಅರ್ಪಣೆಗಳಲ್ಲಿ ದೋಷಪರಿಹಾರಕಯಜ್ಞವೂ ಒಂದು ಎಂದು ಮೇಲೆ ನೋಡಿದೆವು. ಕ್ರೈಸ್ತರು ಯಜ್ಞವನ್ನು ಬಿಟ್ಟದ್ದಕ್ಕೆ ವೇದಾಂತದ ಕಾರಣ ಇರುವಂತೆಯೇ ಒಂದು ಸರಳ ಚಾರಿತ್ರಿಕ ಕಾರಣವೂ ಇದೆ: ಕ್ರಿ.ಶ. 70ರಲ್ಲಿ ತೀತನ ನಾಯಕತ್ವದ ರೋಮನ್ ಸೇನೆ ದೇವಾಲಯವನ್ನು ಸುಟ್ಟು ಕೆಡವಿತು.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಅಲ್ಲಿಂದಲೇ ಶುರು. ಆ ನಾಶವನ್ನು ಕಂಡ ರಬ್ಬಿ ಯೋಹಾನಾನ್ ಬೆನ್ ಜಕ್ಕಾಯಿ ಪಾಳುಬಿದ್ದ ದೇವಾಲಯದ ಮುಂದೆ ಗೋಳಾಡುತ್ತಿದ್ದ ತನ್ನ ಶಿಷ್ಯನಿಗೆ, ದೋಷಪರಿಹಾರಕ್ಕೆ ಇದಕ್ಕೆ ಸಮನಾದ ಇನ್ನೊಂದು ದಾರಿ ನಮಗಿದೆ, ಅದು ದಯೆಯ ಕೆಲಸಗಳು ಎಂದು ಹೇಳಿ, ನನಗೆ ಯಜ್ಞ ಬೇಡ ಕರುಣೆ ಬೇಕು ಎಂಬ ಹೋಶೇಯನ ಮಾತನ್ನು ನೆನಪಿಸಿದನೆಂದು ಯೆಹೂದಿ ಸಂಪ್ರದಾಯ ಹೇಳುತ್ತದೆ. ಮತ್ತಾಯನ ಸುವಾರ್ತೆಯಲ್ಲಿ ಯೇಸು ಎರಡು ಸಲ ಎತ್ತಿ ಹೇಳುವುದೂ ಅದೇ ವಚನವನ್ನು. ಯಜ್ಞವಿಲ್ಲದೆ ಬದುಕುವುದು ಯೆಹೂದ್ಯರಿಗೆ ಅಂದಿಗೆ ತೀರ ಹೊಸದೂ ಆಗಿರಲಿಲ್ಲ. ಬಾಬೆಲಿನ ಸೆರೆಯ ಕಾಲದಲ್ಲಿ ಅವರ ದೇವಾಲಯ ಪಾಳುಬಿದ್ದಿತ್ತು, ದೂರದೇಶಗಳಲ್ಲಿ ಚದರಿದ್ದ ಬಹುಮಂದಿ ವೇದಿಯನ್ನು ಕಣ್ಣಿಂದ ಕಂಡವರೇ ಅಲ್ಲ. ಪಶ್ಚಾತ್ತಾಪ, ಪ್ರಾರ್ಥನೆ, ದಾನ ಇವು ಅವರಿಗೆ ಕೈಗೆಟುಕುವ ದಾರಿಗಳಾಗಿ ಮೊದಲಿಂದಲೂ ಇದ್ದವು. ಆದ್ದರಿಂದ ಯಜ್ಞವಿಲ್ಲದ ಕಾರಣ ಯೆಹೂ­ದ್ಯರಿಗೆ ಕ್ಷಮೆಯೇ ಇಲ್ಲ ಎಂದು ಕೂಟದಲ್ಲಿ ಯಾರಾದರೂ ಹೇಳಿದರೆ ದಯವಿಟ್ಟು ತಿದ್ದಿ. ಅದು ಅವರ ನಂಬಿಕೆಯ ಬಗ್ಗೆ ತಪ್ಪು ತಿಳಿವಳಿಕೆ, ಅವರದೇ ಗ್ರಂಥಗಳಿಗೂ ಮಾಡುವ ಅನ್ಯಾಯ. ಪ್ರಾಚೀನ ಇಸ್ರಾಯೇಲಿನ ಪಸ್ಕದ ಬಲಿಯನ್ನು ಇಂದಿಗೂ ಕಣ್ಣಾರೆ ಕಾಣಬೇಕೆಂದರೆ ನಬ್ಲುಸ್ ಬಳಿಯ ಗೆರಿಜೀಮ್ ಬೆಟ್ಟಕ್ಕೆ ಹೋಗಬೇಕು. ಅಲ್ಲಿನ ಸಣ್ಣ ಸಮಾರ್ಯ ಸಮುದಾಯ ಪ್ರತಿ ವಸಂತದಲ್ಲಿ ಕುರಿಗಳನ್ನು ವಧಿಸಿ ಕುಳಿಗಳಲ್ಲಿ ಸುಟ್ಟು ರಾತ್ರಿಯಲ್ಲಿ ತಿನ್ನುತ್ತದೆ.

ಯೆಹೂದ್ಯರ ದೋಷಪರಿಹಾರಕ ದಿನ, ಯೋಮ್ ಕಿಪ್ಪುರ್, ಈಗ ಉಪವಾಸ ಮತ್ತು ಪ್ರಾರ್ಥನೆಯ ದಿನ. ದೇವರಿಗೂ ಮನುಷ್ಯನಿಗೂ ನಡುವಿನ ಪಾಪಗಳಿಗೆ ಆ ದಿನ ಪರಿಹಾರ ತರುತ್ತದೆ, ಆದರೆ ಮನುಷ್ಯನಿಗೂ ಮನುಷ್ಯನಿಗೂ ನಡುವಿನ ಪಾಪಗಳಿಗೆ, ನೊಂದವನನ್ನು ಸಮಾಧಾನಪಡಿಸುವ ತನಕ, ಪರಿಹಾರ ತರುವುದಿಲ್ಲ ಎಂದು ಮಿಷ್ನಾ ಕಟ್ಟಳೆ ಮಾಡಿದೆ. ಬೆಳಗಿನ ಆರಾಧನೆಯಲ್ಲಿ ಯಾಜಕಕಾಂಡ 16ನ್ನು, ಎರಡು ಹೋತಗಳ ಆ ಅಧ್ಯಾಯವನ್ನೇ, ಗಟ್ಟಿಯಾಗಿ ಓದುತ್ತಾರೆ. ಮಧ್ಯಾಹ್ನದ ಆರಾಧನೆಗೆ ಗೊತ್ತುಮಾಡಿರುವುದು ಯೋನನ ಗ್ರಂಥ. ಅಲ್ಲಿ ನಿನೆವೆಯವರು ವೇದಿಯನ್ನೂ ಕಟ್ಟುವುದಿಲ್ಲ, ಪಶುವನ್ನೂ ಕೊಯ್ಯುವುದಿಲ್ಲ, ಉಪವಾಸವಿದ್ದು ತಮ್ಮ ಕೆಟ್ಟ ನಡತೆಯನ್ನು ಬಿಡುತ್ತಾರೆ, ದೇವರು ಅವರನ್ನು ಉಳಿಸುತ್ತಾನೆ.